ಇಪ್ಪತ್ತಕ್ಕೆ ಇಪ್ಪತ್ತು

“ನಿನ್ನ ಮಗಳಿಗೆ ಭಾಳ ಸೊಕ್ಕ ಬಂದೈತಲೇ ಅಮಸ್ಯಾ. ಕುರಿ ಹಿಕ್ಕಿ ಬಳದ ಕೈಯಾಗ ಪೆನ್ನ ಬಂತಂತ ನನ್ನ ಮಗನ್ನ ಅಳೀಲಾಕ ಹೊಂಟಾಳೇನ?”

ಬಸಂತರಾಯಗೌಡ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ. ತೊಟ್ಟಿ ಒಣಗಿತ್ತು. ಬೋರಿನ ಸ್ವಿಚ್ಚಿನ ಡಬ್ಬಿಗೆ ಹೊಸ ಬೀಗ ಬಿದ್ದಿತ್ತು. ಅಮಸಿದ್ದ ಹೆಗಲ ಕಂಬಳಿಯನ್ನು ಕೈಗೆ ತಗೊಂಡು ನಿಂತಿದ್ದ. ಅವನ ಹಿಂದೆ ಕುರಿಗಳು ಬಿಸಿಲಿಗೆ ಒಂದರ ಹೊಟ್ಟೆಯಡಿ ಒಂದು ತಲೆ ತೂರಿಸಿ ನಿಂತಿದ್ದವು.

“ಸಾಲಿ ವಿಷಯ ನನಗೇನ ತಿಳೀತೈತ್ರಿ ಗೌಡ್ರ.”

“ತಿಳಿಯೂದೇನೈತಲೇ ಭಾಡ್ಯಾ? ಪರೀಕ್ಷಾಕ್ಕಿಂತ ಮೊದ್ಲ ಇಪ್ಪತ್ತ ಮಾರ್ಕ್ಸು ಸಾಲ್ಯಾಗ ಹಾಕತಾರ. ಹಾಕೂದು ಕಲಸೋರ ಕೈಯಾಗ ಐತಿ. ಊರ ಮಂದಿ ಮಕ್ಕಳಿಗೆಲ್ಲಾ ಕೊಟ್ಟ, ನಮ್ಮ ಅಮಿತಗ ನಾಕ ಹಾಕ್ಯಾಳ ನಿನ್ನ ಮಗಳು. ಇವತ್ತ ಸಂಜಿಗೆ ಕಂಪ್ಯೂಟರದಾಗ ಏರಸ್ತಾರಂತ. ಅಷ್ಟರೊಳಗ ತಿದ್ದಿದ್ರ ನೀರ. ಇಲ್ಲಾಂದ್ರ ನಿನ್ನ ಕುರಿ ನಿನ್ನ ಉಚ್ಚಿ ಕುಡೀಲಿ.”

ಜೋಳ ಕೊಯ್ದ ಮೇಲೆ ಮಳೆ ಬರುವ ತನಕ ಅಮಸಿದ್ದನ ಹಿಂಡು ರಾತ್ರಿ ಮಲಗುವುದು ಗೌಡನ ಹೊಲದಲ್ಲಿ. ಹಿಕ್ಕಿ, ಗಂಜಲ ಹೊಲಕ್ಕೆ. ಬೋರಿನ ನೀರು ಕುರಿಗೆ. ಅಪ್ಪಂದಿರ ಕಾಲದಿಂದ ಹೀಗೇ ನಡೆದು ಬಂದಿತ್ತು, ಬಾಯಿಮಾತಿನ ಮೇಲೆ. ಗೌಡನ ಲೆಕ್ಕದಲ್ಲಿ ಮಾತ್ರ ನೀರು ಅವನು ಮಾಡುವ ದಾನ, ಗೊಬ್ಬರ ಆಕಾಶದಿಂದ ತಾನಾಗಿ ಬೀಳುವ ವಸ್ತು.

ಅಮಸಿದ್ದನ ಮಗಳು ಮಾಲಾ ಬಿ.ಎಡ್. ಮಾಡಿ ಊರ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿದ್ದಳು. ವಿಜ್ಞಾನ ಕಲಿಸುತ್ತಿದ್ದಳು. ಪ್ರತಿ ಜೂನಿಗೆ ಅವಳನ್ನು ಮತ್ತೆ ತಗೊಳ್ಳಬೇಕೋ ಬೇಡವೋ ಎಂದು ತಲೆ ಅಲ್ಲಾಡಿಸುವವನು ಶಾಲಾ ಸಮಿತಿಯ ಅಧ್ಯಕ್ಷ, ಅಂದರೆ ಇದೇ ಗೌಡ. ಅವನ ಮಗ ಅಮಿತನ ಹೆಸರು ಇಲ್ಲಿನ ಹಾಜರಿಯಲ್ಲಿತ್ತು, ಹುಡುಗ ವಿಜಯಪುರದ ಕೋಚಿಂಗ್‌ನಲ್ಲಿದ್ದ. ಕಿರುಪರೀಕ್ಷೆಗೆ ಒಮ್ಮೆ ಬಂದು ಅರ್ಧ ಪುಟ ಬರೆದು ಹೋಗಿದ್ದ. ಆ ಅರ್ಧ ಪುಟಕ್ಕೆ ನಾಲ್ಕು ಸಿಕ್ಕಿತ್ತು.

ಮಗಳಿಗೆ ಹೇಳಿಬಿಡೋಣವೆಂದೇ ಅಮಸಿದ್ದ ಶಾಲೆಯ ದಾರಿ ಹಿಡಿದ. ಹಿಂಡನ್ನು ಬಿಟ್ಟು ಬರಲು ಯಾರೂ ಇರಲಿಲ್ಲ, ಹೊಡೆದುಕೊಂಡೇ ಹೋದ. ನಿನ್ನೆಯಿಂದ ಅವು ನೀರು ಕಂಡಿರಲಿಲ್ಲ. ಕೆನಾಲಿಗೆ ನೀರು ಬಿಡುವ ಸರದಿ ಇನ್ನೂ ಬಂದಿರಲಿಲ್ಲ. ಗೇಟಿನ ಹೊರಗೆ ಬೇವಿನ ನೆರಳಿಗೆ ಹಿಂಡನ್ನು ನಿಲ್ಲಿಸಿ ಕಾದ. ಮಾಲಾ ಸೀರೆಗೆ ಸೀಮೆಸುಣ್ಣ ಒರೆಸಿಕೊಳ್ಳುತ್ತ ಬಂದಳು.

“ಯಾಕಪ್ಪಾ, ಇಷ್ಟ ಬಿಸಲಾಗ?”

“ಹಂಗ ಬಂದೆ.”

“ಗೌಡ ಏನರ ಅಂದನೇನ?”

“ಅವ ಯಾಕ ಅಂತಾನ.”

“ನೀರ ಬಿಟ್ಟಾನಿಲ್ಲ?”

ಅಮಸಿದ್ದ ಹೇಳಲು ಬಾಯಿ ತೆರೆದ. ಎದುರಿಗೆ ನಿಂತ ಮಗಳನ್ನು ನೋಡಿದ. ಕುರುಬರ ಗುಡಾರಗಳಲ್ಲಿ ಹುಟ್ಟಿದವರ ಪೈಕಿ ಜನ “ಮೇಡಂ” ಅಂದದ್ದು ಇವಳೊಬ್ಬಳಿಗೆ.

“ಬಿಟ್ಟಾನವ್ವಾ. ಕುಡಿಸ್ಕೊಂಡ ಬಂದೆ. ನೀ ನಡಿ ಒಳಗ.”

ಅಷ್ಟರಲ್ಲಿ ಊಟದ ಬಿಡುವು ಮುಗಿಯುವ ಗಂಟೆ ಹೊಡೆಯಿತು. ಮಕ್ಕಳು ಬಿಸಿಯೂಟ ಮುಗಿಸಿ ತಾಟು ತೊಳೆಯಲು ನಳದ ಹತ್ತಿರ ಓಡಿದರು. ನೀರು ಬಿದ್ದ ಸದ್ದು ಕೇಳಿದ್ದೇ ತಡ, ಹಿಂಡು ಗೇಟು ನೂಕಿಕೊಂಡು ಒಳಗೆ ನುಗ್ಗಿತು. ಮಕ್ಕಳು ಚೀರಿ ಚದುರಿದರು. ಕುರಿಗಳು ಎಂಜಲು ನೀರು ಹರಿಯುವ ಗಟಾರದಲ್ಲಿ ಮೂತಿ ಇಟ್ಟವು. ಜಾಗ ಸಿಗದವು ಒದ್ದೆ ಫರಸಿಕಲ್ಲನ್ನೇ ನೆಕ್ಕಿದವು.

“ಏ ಹಲ್ಕಟ್ ಕುರುಬ, ಇದೇನ ಸಾಲ್ಯೋ ನಿಮ್ಮಪ್ಪನ ದೊಡ್ಡ್ಯೋ?” ಹೆಡ್‌ಮಾಸ್ತರ ಶ್ರೀಶೈಲ ವರಾಂಡದಿಂದ ಕೂಗಿದ.

ಮಾಲಾ ಕಾಲ್ತುಳಿತಕ್ಕೆ ಸಿಕ್ಕ ಮರಿಯೊಂದನ್ನು ಎತ್ತಿಕೊಂಡಳು. ಅದು ಅವಳ ಬೆವೆತ ಕುತ್ತಿಗೆಯನ್ನು ನೆಕ್ಕತೊಡಗಿತು. ಅವಳು ಅಪ್ಪನ ಕಡೆ ನೋಡಿದಳು. ಅಮಸಿದ್ದ ನೆಲ ನೋಡಿದ. ಮರಿಯನ್ನು ಅವನ ಕೈಗಿಟ್ಟು ಕಂಪ್ಯೂಟರಿದ್ದ ಆಫೀಸಿನ ಕೋಣೆಯೊಳಗೆ ಹೋದಳು.

ಶ್ರೀಶೈಲ ಕೆಳಗಿಳಿದು ಬಂದ. ಈಗ ದನಿ ಮೆತ್ತಗಾಗಿತ್ತು.

“ಶಾಣ್ಯಾ ಅದಿಯೋ ಮಾರಾಯಾ. ಮಾರ್ಕ್ಸ ತಿದ್ದಂತ ನಾವು ವಾರಗಟ್ಟಲೆ ಹೇಳಿದ್ರೂ ಕೇಳಿರಲಿಲ್ಲ ಆಕಿ. ನೀ ಬಾಯಿ ಬಿಡಲಾರ್ದ ಕೆಲಸಾ ಮಾಡಿಸಿದಿ ನೋಡು.”

ಅಮಸಿದ್ದ ಹಿಂಡನ್ನು ಅದಕ್ಕೆ ತಂದಿರಲಿಲ್ಲ. ಯಾಕೆ ತಂದಿದ್ದನೋ ಅದೂ ಅವನಿಗೆ ಈಗ ಸರಿಯಾಗಿ ನೆನಪಿಗೆ ಬರಲಿಲ್ಲ. ಕುರಿ ಹೊಡೆದುಕೊಂಡು ಹೊರಗೆ ಬಂದ. ನಾಚಿಕೆ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಕಾಲುಗಳು ತಮ್ಮಷ್ಟಕ್ಕೆ ತಾವು ನಡೆಯುತ್ತಿದ್ದವು.

ಹೊಲ ಇನ್ನೂ ದೂರವಿರುವಾಗಲೇ ಮೋಟರಿನ ಸದ್ದು ಕೇಳಿತು. ಕುರಿಗಳಿಗೆ ಅವನಿಗಿಂತ ಮೊದಲೇ ಕೇಳಿತ್ತು. ಧೂಳೆಬ್ಬಿಸಿ ಓಡಿದವು. ಅವನು ಮುಟ್ಟುವಷ್ಟರಲ್ಲಿ ತೊಟ್ಟಿಯ ಸುತ್ತ ಸಾಲುಗಟ್ಟಿ ಕುಡಿಯುತ್ತಿದ್ದವು.

“ಮಾಸ್ತರಂದು ಫೋನ್ ಬಂತು,” ಗೌಡ ಮೊಬೈಲನ್ನು ಅಂಗಿಯ ಕಿಸೆಗೆ ಹಾಕುತ್ತ ನಕ್ಕ. “ಇಪ್ಪತ್ತಕ್ಕ ಇಪ್ಪತ್ತ. ಒಳ್ಳೇ ಹೆಣಮಗಳು, ಸುಮ್ಮನ ಬೈದೆ. ಇನ್ನೊಂದ ಕೆಲಸಾ ಐತಿ ಅಮಸ್ಯಾ. ಗಣಿತದ ವಿಜಯಶ್ರೀ ಮೇಡಂ ಹನ್ನೆರಡ ಹಾಕ್ಯಾಳಂತ. ಆಕಿದು ಏರಸೂದು ನಾಳಿ. ಹಿಂಗ ಮಾಡು, ನಾಳಿ ನೀರ ಕುಡಿಸಬ್ಯಾಡ. ಆಕಿ ಮುಂದೂ ಒಮ್ಮಿ ಕುರಿ ನಿಲ್ಲಿಸ್ಕೊಂಡ ಬಾ.”

ಅಮಸಿದ್ದ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ. ಬಾಯಿಗೆ ಕೈಯಿಟ್ಟು ಹಿಂಡನ್ನು ಕರೆಯುವ ಕೂಗು ಹಾಕಿದ. ಆ ಕೂಗಿಗೆ ಮಲಗಿದ ಕುರಿಯೂ ಎದ್ದು ಬರುತ್ತಿತ್ತು. ಈಗ ಒಂದೂ ತಲೆ ಎತ್ತಲಿಲ್ಲ. ಮತ್ತೆ ಕೂಗಿದ. ಆಮೇಲೆ ತೊಟ್ಟಿಯ ಹತ್ತಿರ ಹೋಗಿ ಹಿಂಡಿನ ಮುಂದಾಳು ಟಗರಿನ ಎರಡೂ ಕೊಂಬು ಹಿಡಿದು ನೀರಿನಿಂದ ಹಿಂದಕ್ಕೆಳೆದ.

“ಏ, ಏನ ಮಾಡ್ತಿಯೋ? ಕುಡೀಲಿ ಬಿಡು.”

“ಈ ನೀರ ಸಾಕ್ರಿ.”

“ಹುಚ್ಚಸೂಳಿಮಗನ, ಸಾಯ್ತಾವ. ಇದನ್ನ ಬಿಟ್ರ ಎಲ್ಲೈತಿ ನೀರ?”

“ಗೊತ್ತಿಲ್ರಿ.”

ಟಗರು ಕೊಸರಿಕೊಂಡು ತಿರುಗಿ ನೀರಿಗೆ ಬಾಯಿ ಹಾಕಿತು. ಅಮಸಿದ್ದ ಮತ್ತೆ ಅದರ ಕೊಂಬು ಹಿಡಿದು ಎಳೆದ. ಗೌಡನ ನಗು ನಿಂತಿತ್ತು. ಮೋಟರು ನೀರು ಸುರಿಯುತ್ತಲೇ ಇತ್ತು. ಟಗರು ಮತ್ತೆ ಹೋಯಿತು, ಅವನು ಮತ್ತೆ ಎಳೆದ.