ನೆಂಟರ ಕೋಣೆ

ನಮ್ಮ ಆಸ್ಪತ್ರೆಯಲ್ಲಿ "ನೆಂಟರು ಬಂದ್ರು" ಅಂದರೆ ಯಾರೂ ಕಾಫಿಗೆ ನೀರಿಡುತ್ತಿರಲಿಲ್ಲ, ಎದ್ದುಬಿದ್ದು ಓಡುತ್ತಿದ್ದರು. ಅದು ಚಿಕ್ಕಮ್ಮ ಹುಟ್ಟಿಸಿದ ಗುಟ್ಟಿನ ಮಾತು. ಅಂಟುಜ್ವರ ಬಂತು ಅಂತ ಕೂಗಿದರೆ ರೋಗಿಗಳು ಗಾಬರಿಬಿದ್ದು ಬಾಗಿಲಲ್ಲಿ ತುಳಿದಾಡುತ್ತಾರೆ. ನೆಂಟರು ಅಂದರೆ ಯಾರಿಗೇನು?

ಚಿಕ್ಕಮ್ಮ ಅಲ್ಲಿ ಹೆಡ್ ನರ್ಸು, ನಾನು ಅವಳ ಕೈಕೆಳಗೆ ಹೊಸಬಳು. ಅವಳು ಕೆಲಸಕ್ಕೆ ಸೇರಿದ ಕಾಲದಲ್ಲಿ ಒಂದು ಜ್ವರ ಇದೇ ವಾರ್ಡಿನಲ್ಲಿ ಮಂಚದಿಂದ ಮಂಚಕ್ಕೆ ಹರಡಿ, ಅವಳ ಜೊತೆಗಾತಿ ನರ್ಸನ್ನೂ ಕೊಂಡೊಯ್ದಿತ್ತಂತೆ. ಆಮೇಲೆ ಹಠ ಹಿಡಿದು, ಓಣಿಯ ಕಡೆಗೆ ಬೇರೆ ಬಾಗಿಲಿದ್ದ ಮೂಲೆಕೋಣೆಯನ್ನು ಅಂಥ ರೋಗಿಗಳಿಗೆಂದೇ ಖಾಲಿ ಇರಿಸಿಕೊಂಡಿದ್ದಳು. ಮಧ್ಯಾಹ್ನ ನಾವು ತೂಕಡಿಸುವ ಹೊತ್ತಿಗೇ ಸರಿಯಾಗಿ, ಬರೀ ತಾಲೀಮಿಗೆಂದು, ಅವಳ ಕೂಗು. ಆಯಾ ಕಿಟಕಿ ತೆರೆಯಬೇಕು, ಕಾಂಪೌಂಡರ್ ಓಣಿಬಾಗಿಲಲ್ಲಿ ಸೋಪು ನೀರು ಹಿಡಿದು ನಿಲ್ಲಬೇಕು, ನಾನು ಮಾಸ್ಕು ಹಂಚಬೇಕು. ಒಳಗೊಳಗೇ ಬೈದುಕೊಳ್ಳುತ್ತಿದ್ದೆವು. ಈಗ ಆ ಕೂಗಿಗಾಗಿ ಜೀವ ಹಂಬಲಿಸುತ್ತದೆ.

ದೊಡ್ಡ ಡಾಕ್ಟರಿಗೆ ಆ ಕೋಣೆಯ ಮೇಲೆ ಕಣ್ಣು.

"ಖಾಲಿ ಕೋಣೆ ಕಾಯ್ತಾ ಇದೀರಲ್ಲ ಸಿಸ್ಟರ್, ನನಗೆ ಕೂರೋಕೆ ಜಾಗ ಇಲ್ಲ."

"ಬರೋರು ಹೇಳಿ ಕೇಳಿ ಬರ್ತಾರಾ ಸರ್?" ಅನ್ನುತ್ತಿದ್ದಳು ಚಿಕ್ಕಮ್ಮ.

ಅವಳು ನಿವೃತ್ತಿಯಾದ ದಿನ ಬೀಳ್ಕೊಡುಗೆಗೆಂದು ನಮ್ಮ ಅಪ್ಪ ಅಮ್ಮ ಬಂದರು. ಗೇಟಿನ ಹೊಸ ಕಾವಲುಗಾರನಿಗೆ ಏನು ಗೊತ್ತು? "ಸಿಸ್ಟರ್, ನಿಮ್ಮ ನೆಂಟರು ಬಂದ್ರು!" ಎಂದು ಗಂಟಲು ಹರಿಯುವಂತೆ ಕೂಗಿದ. ಅಷ್ಟೇ, ಎಲ್ಲರೂ ದಡಬಡ ಎದ್ದರು. ಇಸ್ತ್ರಿ ಅಂಗಿಯ ಅಪ್ಪನನ್ನು ಕಾಂಪೌಂಡರ್ ರಟ್ಟೆ ಹಿಡಿದು ಓಣಿಬಾಗಿಲಿಗೆ ಎಳೆದೊಯ್ದು ಮೊಣಕೈವರೆಗೆ ಸೋಪು ಹಚ್ಚಿದ.

"ಅಲ್ಲಯ್ಯಾ, ನಾನು ಸಿಸ್ಟರ್ ಭಾವ ಕಣೋ!"

"ಭಾವ ಆದ್ರೂ ಅಷ್ಟೇ, ಕೈ ಕೊಡಿ."

ನಾನೋ, ಹೆತ್ತ ಅಮ್ಮನ ಮೂಗಿಗೇ ಮಾಸ್ಕು ಕಟ್ಟಿಬಿಟ್ಟಿದ್ದೆ. ದೊಡ್ಡ ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚಿಕ್ಕಮ್ಮ ಮಾತ್ರ ಕಣ್ಣೊರೆಸಿಕೊಂಡು, "ಆ ಕೊನೇ ಕಿಟಕಿ ಮರೆತುಬಿಟ್ರಲ್ಲ" ಅಂದಳು.

ಅವಳು ಹೋದದ್ದೇ ತಡ, ಡಾಕ್ಟರ ಮೇಜು ಮೂಲೆಕೋಣೆ ಸೇರಿತು. ನಾನು ಕೂಗುವುದನ್ನು ಬಿಡಲಿಲ್ಲ. ಆದರೆ ಕೋಣೆಯೇ ಇಲ್ಲದ ಮೇಲೆ ಓಡುವುದಾದರೂ ಎಲ್ಲಿಗೆ? ಬರಬರುತ್ತಾ ಕಿಟಕಿಗಳನ್ನಷ್ಟೇ ತೆರೆದು ಸುಮ್ಮನಾಗುತ್ತಿದ್ದೆವು.

ಕೆಲವು ವರ್ಷ ಕಳೆದು ಒಂದು ಮಧ್ಯಾಹ್ನ, ಒಂದೇ ಮನೆಯ ಮೂವರು ಕೆಮ್ಮುತ್ತಾ ಗೇಟಿಗೆ ಬಂದರು. ಮೈ ಕೆಂಡ, ಉಸಿರಿಗೆ ಒದ್ದಾಟ. ಒಳಗೆ ವಾರ್ಡಿನ ತುಂಬ ಮುದುಕರು, ಬಾಣಂತಿಯರು. ಅಷ್ಟು ಸಲ ಕೂಗಿದ ನನ್ನ ಬಾಯಿಂದ ದನಿಯೇ ಹೊರಡಲಿಲ್ಲ.

ಅಷ್ಟರಲ್ಲಿ ಮೂಲೆಕೋಣೆಯಿಂದ ಗಂಡುದನಿಯೊಂದು ಮೊಳಗಿತು. "ನೆಂಟರು ಬಂದ್ರು!"

ದೊಡ್ಡ ಡಾಕ್ಟರು ತಮ್ಮ ಮೇಜನ್ನು ತಾವೇ ದರದರ ಎಳೆದು ಹೊರಹಾಕುತ್ತಿದ್ದರು. ಕಾಗದಗಳೆಲ್ಲ ನೆಲದ ಪಾಲು. ಆಯಾ, ಕಾಂಪೌಂಡರ್, ನಾನು, ಯಾರಿಗೂ ಯಾರೂ ಏನೂ ಹೇಳಬೇಕಾಗಲಿಲ್ಲ.

ಊರೆಲ್ಲ ಸುತ್ತಿದ ಆ ಜ್ವರ ನಮ್ಮ ವಾರ್ಡಿನೊಳಗೆ ಕಾಲಿಡಲಿಲ್ಲ. ಆ ಮೇಜೂ ಮತ್ತೆ ಮೂಲೆಕೋಣೆಗೆ ಹೋಗಲಿಲ್ಲ. ನನಗೆ ಮಾತ್ರ ಇವತ್ತಿಗೂ ನೆನಪಾಗುವುದು ಅವತ್ತಿನ ಸಂಜೆ ಚಿಕ್ಕಮ್ಮನಿಗೆ ಮಾಡಿದ ಫೋನು.

"ನೆಂಟರು ಬಂದಿದಾರೆ ಚಿಕ್ಕಮ್ಮ. ಈ ಸಲ ನಿಜವಾಗಿ."

"ಕೊನೇ ಕಿಟಕಿ?"

"ಡಾಕ್ಟರೇ ತೆಗೆದ್ರು."

ಮೂಗು ಎಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ ಅದೇ ಹಳೆಯ ಗದರಿಕೆ.

"ಮತ್ತೆ ಫೋನಿಡೇ! ನೆಂಟರನ್ನ ಮನೇಲಿಟ್ಕೊಂಡು ಹೀಗೆ ಹರಟೆ ಹೊಡೀತಾ ಕೂರ್ತಾರೇನೇ?"