ಮಸೀದಿಯ ಹಿಂದಿನ ಬಾಗಿದ ತೆಂಗು

ಮರ ಕಡಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಇನ್ಯಾರೋ ಬಂದು ನಿಮ್ಮ ಕಿವಿ ಊದುವುದು ಬೇಡ. ಮಸೀದಿಯ ಹಿಂದೆ, ನಮ್ಮ ಹಿತ್ತಿಲ ಮೂಲೆಯಲ್ಲಿ ತೆಂಕಲಿಗೆ ಬಾಗಿ ನಿಂತಿದ್ದ ಆ ಮುದಿ ತೆಂಗು ನನ್ನದು. ನಮ್ಮ ದ್ವೀಪದಲ್ಲಿ ಮನೆ, ಹಿತ್ತಿಲು, ಮರ ಎಲ್ಲ ಹೆಂಗಸರ ಪಾಲು. ಅಜ್ಜಿಯಿಂದ ಉಮ್ಮನಿಗೆ, ಉಮ್ಮನಿಂದ ನನಗೆ ಬಂದದ್ದು. ಗಂಡಸರ ಪಾಲಿಗೆ ಕಡಲು ಮತ್ತು ಯಜಮಾನಿಕೆ. ನನ್ನ ಅಣ್ಣ ಕಾಸ್ಮಿಕೋಯನಿಗೆ ಅವೆರಡೂ ಸ್ವಲ್ಪ ಹೆಚ್ಚೇ ಬಂದಿದ್ದವು.

ಮರ ಕಡಿಸಿದ ಹಿಂದಿನ ದಿನ ನನ್ನ ಮೊಮ್ಮಗಳು ಸಾರೋಂಬಿ ಮರದ ಬುಡದಲ್ಲಿ ಕವಡೆ ಆಡುತ್ತಿದ್ದಳು. ಇಲಿ ತೂತು ಮಾಡಿದ ಕಾಯೊಂದು ದಢಾರನೆ ಬಿದ್ದು, ಅವಳ ಕೈಯಿಂದ ಗೇಣು ದೂರದ ಮಣ್ಣಲ್ಲಿ ಹೂತುಹೋಯಿತು. ಮಗುವನ್ನು ಎತ್ತಿಕೊಂಡು ಒಳಗೆ ಓಡಿದೆ. ಸಂಜೆ ಅಣ್ಣ ಚಹಾಕ್ಕೆ ಬಂದಾಗ ಮರ ತೆಗೆಸುತ್ತೇನೆ ಎಂದೆ.

"ಆ ಮರದ ತಂಟೆಗೆ ಹೋಗ್ಬೇಡ," ಎಂದ.

"ಯಾಕೆ?"

"ಬೇಡ ಅಂದ್ರೆ ಬೇಡ."

"ಮಗು ತಲೆ ಒಡೀಬೇಕಿತ್ತಾ ಹಾಗಾದ್ರೆ? ಕಾರಣ ಹೇಳು ಇಕ್ಕಾಕ."

"ಎಲ್ಲಾದಕ್ಕೂ ಒಂದು ಕಾರಣ ಬೇಕು ಇವಳಿಗೆ. ನೀನು ಆ ಜಗಳಗಂಟಿ ಮೀನಿನ ಜಾತಿ ಕಣೇ ಮುತ್ತುಬಿ. ಮೊಳ ಜಾಗಕ್ಕೆ ಬಂದೋರ್ನೆಲ್ಲ ಕಚ್ತೀಯ."

ಜಗಳಗಂಟಿ ಅಂದರೆ ಗೇಣುದ್ದವೂ ಇಲ್ಲದ ಒಂದು ಕರಿ ಮೀನು. ಸತ್ತ ಹವಳದ ಮೇಲೆ ಅಂಗೈಯಗಲ ಪಾಚಿ ಬೆಳೆಸಿಕೊಂಡು ಹಗಲಿಡೀ ಕಾಯುತ್ತದೆ. ಮೇಯಲು ಬಂದ ಮೀನು ತನ್ನ ಹತ್ತರಷ್ಟು ದೊಡ್ಡದಿದ್ದರೂ ಅಟ್ಟಿಸುತ್ತದೆ, ಮನುಷ್ಯರ ಕಾಲು ಬಂದರೆ ಅದನ್ನೂ ಕಚ್ಚುತ್ತದೆ. ಆ ಹೆಸರಿಟ್ಟವಳು ನಮ್ಮ ಉಮ್ಮ. ಅಣ್ಣ ಅದನ್ನು ನನ್ನ ಮೇಲೆ ಎಸೆದದ್ದು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ನನ್ನ ಮರ, ನನ್ನ ಮೊಮ್ಮಗಳು, ಇವನ ಅಪ್ಪಣೆ ಯಾಕೆ ಬೇಕು?

ಮರುದಿನ ನಸುಕಿಗೆ ಅಣ್ಣ ದೋಣಿ ತೆಗೆದ. ನನ್ನ ಮಗ ಯಾಕೂಬನೂ ಮೂರು ಜನ ಗಾಳದವರೂ ಜೊತೆಗಿದ್ದರು. ಹೊರಗಡಲಲ್ಲಿ ಚೂರೆ ಮೀನಿನ ಹಿಂಡು ಕಂಡಿದೆಯಂತೆ. ಅವರ ಯಂತ್ರದ ಸದ್ದು ಕಿವಿಯಿಂದ ಮರೆಯಾಗುವ ಮೊದಲೇ ನಾನು ಚೆರಿಯಕೋಯನಿಗೆ ಹೇಳಿ ಕಳಿಸಿದೆ. ಅವನು ಮರ ಹತ್ತುವವನು, ಕಡಿಯುವವನು. ಕಡಲು ಕಂಡರೆ ವಾಂತಿ ಮಾಡುವ, ದ್ವೀಪದ ಒಬ್ಬನೇ ಗಂಡಸು. ಮಧ್ಯಾಹ್ನದ ಹೊತ್ತಿಗೆ ಮರ ಉರುಳಿತು.

"ಈ ಜೀಗುಜ್ಜೆ ಮರಾನೂ ತೆಗೀಲಾ ಬೀ? ಅಂಗಳ ಪೂರ್ತಿ ಎಲೆ ಉದುರ್ಸುತ್ತೆ," ಎಂದು ಚೆರಿಯಕೋಯ ಕೇಳಿದ.

"ತೆಗಿ. ಕೈ ಹಾಕಿದ ಕೆಲಸ ಒಟ್ಟಿಗೇ ಮುಗೀಲಿ."

"ಇವತ್ತು ತೋಳು ಸತ್ತೋಯ್ತು. ನಾಳೆ ಬೆಳಿಗ್ಗೆ ಬರ್ತೀನಿ, ಕೊಡಲಿ ಇಲ್ಲೇ ಇರ್ಲಿ," ಎಂದು ಅದನ್ನು ಜೀಗುಜ್ಜೆ ಮರಕ್ಕೆ ಒರಗಿಸಿ, ಊಟ ಮಾಡಿ ಬಡಗು ತುದಿಯ ತನ್ನ ಮನೆಗೆ ಹೋದ. ಮೊಮ್ಮಗಳು ಬಿದ್ದ ಮರದ ಮೇಲೆ ಕುದುರೆ ಹತ್ತಿದ ಹಾಗೆ ಕೂತಳು. ಹಿತ್ತಿಲು ದೊಡ್ಡದಾಗಿ ಕಂಡು ನನಗೆ ಬಹಳ ಖುಷಿಯಾಯಿತು.

ಇಳಿಹೊತ್ತಿನ ಅಸರ್ ನಮಾಜು ಮುಗಿದು ಸ್ವಲ್ಪ ಹೊತ್ತಾಗಿತ್ತು. ಮೋಡ ಕವಿದು, ಕಡಲೂ ಆಕಾಶವೂ ಒಂದೇ ಬೂದಿ ಬಣ್ಣಕ್ಕೆ ತಿರುಗಿದ್ದವು. ನಾನು ಗರಿ ಎಳೆದುಕೊಂಡು ದಂಡೆಗೆ ಹೋದೆ. ಅಲ್ಲಿ ಕಿಡಾವ್ ಮಾಮ ಎಂದಿನಂತೆ ತೆಂಗಿನ ನಾರು ಹೊಸೆಯುತ್ತ ಕೂತಿದ್ದರು. ಎಂಬತ್ತು ದಾಟಿದ ಮುದುಕರು, ಒಂದು ಕಾಲದಲ್ಲಿ ನಮ್ಮ ಮನೆಯ ದೋಣಿಗೆ ಅವರೇ ಚುಕ್ಕಾಣಿ. ನಾರು ಬಿಟ್ಟು, ಕಣ್ಣು ಉಜ್ಜಿಕೊಂಡು ದ್ವೀಪದ ಕಡೆ ನೋಡುತ್ತಿದ್ದರು. ಮತ್ತೆ ಉಜ್ಜಿಕೊಂಡರು.

"ಮುತ್ತುಬೀ, ನನ್ನ ಕಣ್ಣು ಹೋಯ್ತು ಕಣೇ," ಎಂದರು. "ಮಸೀದಿ ಕಾಣುತ್ತೆ, ಹಿಂದಿನ ಮರ ಕಾಣ್ತಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. "ನಿಮ್ಮ ಕಣ್ಣಿಗೇನೂ ಆಗಿಲ್ಲ ಮಾಮ. ಮರಾನೇ ಹೋಯ್ತು. ಬೆಳಿಗ್ಗೆ ಕಡಿಸ್ದೆ."

ಮುದುಕರು ನಗಲಿಲ್ಲ. ಕಣ್ಣು ಇದೆ ಅಂತ ಗೊತ್ತಾದರೆ ಯಾರಾದರೂ ಸಮಾಧಾನಪಡುತ್ತಾರೆ, ಇವರ ಮುಖದ ರಕ್ತ ಇಳಿದುಹೋಯಿತು.

"ಕಾಸ್ಮಿ ಒಳಗೆ ಬಂದ್ನಾ?"

"ಇಲ್ಲ, ಇನ್ನೂ ಹೊರಗೆ."

"ಯಾ ಅಲ್ಲಾಹ್! ಅದು ಕಂಡಿಯ ಗುರುತು ಕಣೇ ಹುಚ್ಚಿ!"

ನಮ್ಮ ಮನೆಯ ಎದುರಿಗೆ ಹವಳದ ಗೋಡೆಯಲ್ಲಿ ಒಂದು ಕಂಡಿಯಿದೆ. ಎರಡು ದೋಣಿಯಗಲವೂ ಇಲ್ಲ. ನಮ್ಮ ದೋಣಿ ಹೊರಗಡಲಿಂದ ಒಳಗಡಲಿಗೆ ತೂರುವುದು ಅದರಲ್ಲೇ. ದ್ವೀಪದ ಬೇರೆ ದೋಣಿಗಳೆಲ್ಲ ಬಡಗಿನ ದೊಡ್ಡ ಕಂಡಿಗೆ ಹೋಗುತ್ತವೆ. ಇದೆಲ್ಲ ನನಗೆ ಗೊತ್ತಿತ್ತು. ಗುರುತು ಏನು ಅಂತ ಮಾತ್ರ ಗೊತ್ತಿರಲಿಲ್ಲ. ಅದನ್ನು ಮಾವ ಸೋದರಳಿಯನಿಗೆ ಕಡಲ ಮೇಲೆ ಹೇಳಿಕೊಡುತ್ತಾನೆ, ದಂಡೆಯಲ್ಲಿ ಬಾಯಿ ಬಿಡುವ ಪದ್ಧತಿಯಿಲ್ಲ.

ಮಾಮ ಮರಳಲ್ಲಿ ಎರಡು ಚಿಪ್ಪು ಇಟ್ಟರು. "ಇದು ಮಸೀದಿ. ಇದು ನಿನ್ನ ಮರ. ಮರದ ಮಂಡೆ ಮಸೀದಿ ಸೂರಿನ ಮೇಲೆ ಸರಿಯಾಗಿ ಕೂತ್ರೆ ದೋಣಿ ಕಂಡೀಲಿದೆ ಅಂತ. ಈಗ ನೋಡು, ಪಕ್ಕದ ಮನೆ ಪೂಕುಂಞಿ ಹಿತ್ತಲಲ್ಲಿ ಇನ್ನೊಂದು ಬಾಗಿದ ತೆಂಗಿದೆ. ಈ ಮಬ್ಬಲ್ಲಿ ಕಾಸ್ಮಿ ಅದನ್ನೇ ಇದು ಅಂದ್ಕೊಳ್ತಾನೆ. ಅದನ್ನ ಹಿಡಿದು ಬಂದ್ರೆ ಕಂಡಿ ಬಿಟ್ಟು ಬಡಗಲಿಗೆ, ಸೀದಾ ಕಲ್ಲಿನ ಮೇಲೆ!"

"ಅದನ್ನೂ ಕಡಿಸ್ತೀನಿ!" ಎಂದು ಕಿರುಚಿದೆ.

"ಯಾರು ಕಡೀತಾರೆ? ನೀನಾ, ನಾನಾ?"

ಕೊಡಲಿ ಇತ್ತು, ತೋಳಿರಲಿಲ್ಲ. ಚೆರಿಯಕೋಯನನ್ನು ಬಡಗು ತುದಿಯಿಂದ ಕರೆತಂದು ಮರ ಬೀಳಿಸುವಷ್ಟರಲ್ಲಿ ಕತ್ತಲೆ. ಯಂತ್ರದ ದೋಣಿಗಳೆಲ್ಲ ಚೂರೆಯ ಹಿಂದೆ ಹೋಗಿದ್ದವು. ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ದಂಡೆಯ ಮೇಲೆ ಆ ಕಡೆ ಹೋದೆ, ಈ ಕಡೆ ಬಂದೆ. ನನ್ನ ಬಾಯಿಗೆ ಬೆಂಕಿ ಬೀಳಲಿ, ನನ್ನ ಹಟಕ್ಕೆ ಬೆಂಕಿ ಬೀಳಲಿ ಎಂದು ಬೈದುಕೊಂಡೆ. ಅಣ್ಣನನ್ನೂ ಬೈದೆ: ಒಂದು ಮಾತು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಮನೆಗೆ ಓಡಿ ಕಬ್ಬಿಣದ ಸಲಾಕೆ ತಂದೆ, ಟೈರಿನ ಚಪ್ಪಲಿ ಮೆಟ್ಟಿದೆ.

"ಎಲ್ಲಿಗೇ?" ಎಂದರು ಮಾಮ.

"ಗೋಡೆ ಮೇಲೆ. ಕಂಡಿಯ ಅಂಚಲ್ಲಿ ನಿಲ್ತೀನಿ. ನಾನು ನಿಂತ ಕಡೆ ದೋಣಿ ಬರೋ ಹಾಗಿಲ್ಲ ಅಂತ ಕುರುಡನಿಗೂ ಗೊತ್ತಾಗುತ್ತೆ."

"ನೀರು ಏರ್ತಿದೆ. ಈ ಮಬ್ಬಲ್ಲಿ ಅಂಚು ಹೆಂಗೆ ಹುಡುಕ್ತೀಯ? ತಪ್ಪು ಜಾಗದಲ್ಲಿ ನಿಂತ್ರೆ, ಪೂಕುಂಞಿ ಮರ ಮಾಡೋ ಕೆಲಸ ನೀನೇ ಮಾಡ್ತೀಯ."

"ನಿಮ್ಮ ಪುಟ್ಟ ದೋಣಿ ನೂಕ್ತೀರೋ, ಈಜಿಕೊಂಡು ಹೋಗ್ಲೋ?"

ಮುದುಕರು ಗಳು ತಗೊಂಡರು. ಒಳಗಡಲು ದಾಟುವವರೆಗೂ ಅವರ ಉಸಿರಾಟದ ಸದ್ದೇ ನನಗೆ ಕೇಳುತ್ತಿತ್ತು. ಗೋಡೆಯ ಒಳಮೈಗೆ ದೋಣಿ ತಾಗಿದಾಗ ಇಳಿದೆ. ಮೊಣಕಾಲು ನೀರು. ಆಚೆ ತೆರೆ ಒಡೆದು ನೊರೆ ಬರುತ್ತಿತ್ತು.

ಏಳು ವರ್ಷದವಳಿದ್ದಾಗಿನಿಂದ ಈ ಗೋಡೆಯ ಮೇಲೆ ಉಮ್ಮನ ಹಿಂದೆ ನಡೆದವಳು ನಾನು. ಇಳಿತದ ಹೊತ್ತಿಗೆ ಹೆಂಗಸರೆಲ್ಲ ಸಲಾಕೆ ಹಿಡಿದು ಬರುತ್ತೇವೆ, ಎಂಟು ಕೈಯ ಅಪ್ಪಲ್ ಯಾವ ತೂತಲ್ಲಿ ಅಡಗಿದೆ ಅಂತ ನೋಡಿ ಎಳೆಯುತ್ತೇವೆ. ಆಗ ನೀರು ಹಿಮ್ಮಡಿಗೆ ಬರುತ್ತದೆ, ಬಿಸಿಲಿರುತ್ತದೆ, ತಳ ಬರೆದಿಟ್ಟ ಹಾಗೆ ಕಾಣುತ್ತದೆ. ಈಗ ನೋಡಿದರೆ ಬೂದಿ ಕಲಸಿದ ನೀರು. ನನ್ನ ಪಾದವೇ ನನಗೆ ಕಾಣಲಿಲ್ಲ. ಸಲಾಕೆ ಊರಿಕೊಂಡು ತೆಂಕಲಿಗೆ ನಡೆದೆ. ಹವಳ ಮುರಿದು ಕಾಲು ಒಳಗೆ ಹೋಯಿತು, ಮೀನಖಂಡ ಸೀಳಿತು. ಎಲ್ಲ ಕಡೆಯೂ ಒಂದೇ ಥರ. ದೂರದಲ್ಲಿ ಡಬ್ ಡಬ್ ಎಂದು ಯಂತ್ರದ ಸದ್ದು ಶುರುವಾಯಿತು.

"ಬಂದ ಕಣೇ! ಬಂದ!" ಎಂದು ಮಾಮ ಹಿಂದಿನಿಂದ ಕೂಗಿದರು.

"ಕೇಳಿಸ್ತು! ಸುಮ್ನಿರಿ!"

ಅಳು ಬಂತು. ನನ್ನ ಹಟದಿಂದ ನನ್ನ ಮಗ ಸಾಯುತ್ತಾನೆ ಅಂತ ಅನ್ನಿಸಿತು. ಆ ಹೊತ್ತಿಗೆ ಕಾಲ ಗಂಟಿಗೆ ಏನೋ ಚುರುಕ್ ಎಂದಿತು. ಕಾಲು ಎತ್ತಿಟ್ಟೆ, ಮತ್ತೆ ಚುರುಕ್. ಕಚ್ಚಿ ಓಡಿಹೋಗಿ ತಿರುಗಿ ಬಂದು ಕಚ್ಚುತ್ತಿತ್ತು. ಜಗಳಗಂಟಿ! ಉಮ್ಮ ಹೇಳುತ್ತಿದ್ದಳು: ಈ ಗೋಡೆಯ ಹೊರ ಅಂಚಲ್ಲಿ ಜಗಳಗಂಟಿ ಇರುವುದು ಒಂದೇ ಕಡೆ, ಕಂಡಿಯ ಬಡಗು ಮಗ್ಗುಲಲ್ಲಿ, ಅದು ಕಚ್ಚಿದರೆ ಮುಂದೆ ಹೆಜ್ಜೆ ಎಣಿಸಿ ಇಡು, ಜಾರಿದರೆ ಆಳ. ಅದರ ತಾಯಿಯೋ ಅಜ್ಜಿಯೋ ನನ್ನ ಉಮ್ಮನನ್ನು ಇದೇ ಜಾಗದಲ್ಲಿ ಕಚ್ಚಿದ್ದಿರಬೇಕು. ಕಚ್ಚು ನನ್ನವ್ವ, ಇನ್ನೂ ಕಚ್ಚು ಎಂದೆ.

ತೆಂಕಲಿಗೆ ಹತ್ತು ಹೆಜ್ಜೆ ಎಂದಿದ್ದಳು ಉಮ್ಮ, ಆದರೆ ಕಾಲು ಎತ್ತಿ ತಿರುಗುವುದರಲ್ಲಿ ಆ ಮಬ್ಬಲ್ಲಿ ತೆಂಕು ಯಾವ ಕಡೆ ಅನ್ನುವುದೇ ತಪ್ಪಿಹೋಗಿತ್ತು. ನಿಂತಲ್ಲೇ ಸುತ್ತಿದೆ. ಆಗ ಮೊಣಕಾಲಿಗೆ ಒಂದು ದಪ್ಪ ಮೈ ಸವರಿತು, ಅದರ ಹಿಂದೆ ಇನ್ನೊಂದು, ಮತ್ತೊಂದು. ನೀರಿನ ಮೇಲೆ ಹಸಿರು ನೀಲಿ ಬಾಲದ ತುದಿಗಳು ಸಾಲಾಗಿ ಹೋಗುತ್ತಿದ್ದವು. ಗಿಳಿಮೀನುಗಳು! ಹಗಲೆಲ್ಲ ಒಳಗಡಲಲ್ಲಿ ಹವಳ ಕಡಿದು ಮೇಯುತ್ತವೆ, ಸಂಜೆಗೆ ಹೊರಗೋಡೆಯ ಪೊಟರೆಗಳಿಗೆ ಮಲಗಲು ಹೋಗುತ್ತವೆ. ಹೋಗುವ ದಾರಿ ಕಂಡಿಯೊಂದೇ. ನಾನು ಅವುಗಳ ಹಿಂದೆ ಹೊರಟೆ. ಏಳು, ಎಂಟು. ಒಂಬತ್ತನೆಯ ಹೆಜ್ಜೆಗೆ ಸಲಾಕೆ ತಳ ಸಿಗದೆ ಪೂರ್ತಿ ಇಳಿಯಿತು.

ಹಿಂದೆ ಸರಿದು ಕೊನೆಯ ಕಲ್ಲಿನ ಮೇಲೆ ಕಾಲು ಊರಿದೆ. ತಲೆಯ ಕೆಂಪು ಬಟ್ಟೆ ಬಿಚ್ಚಿ ಸಲಾಕೆಯ ತುದಿಗೆ ಕಟ್ಟಿ ಎತ್ತಿದೆ. ನೀರು ತೊಡೆಗೆ ಬಂದಿತ್ತು, ಪ್ರತಿ ತೆರೆಯೂ ನನ್ನನ್ನು ಅರ್ಧ ಅಡಿ ಎತ್ತಿ ಇಳಿಸುತ್ತಿತ್ತು.

ದೋಣಿ ಕಂಡಿತು. ಮಾಮ ಹೇಳಿದ ಹಾಗೆಯೇ ಬಡಗಲಿಗೆ, ಗೋಡೆಗೆ ನೇರ ಮೂತಿಯಿಟ್ಟು ಬರುತ್ತಿತ್ತು. ಅಣ್ಣ ಹಿಂದೆ ಚುಕ್ಕಾಣಿ ಹಿಡಿದು ನಿಂತಿದ್ದ. ಅವನು ನೀರು ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ನನ್ನ ತಲೆಯ ಮೇಲಿನಿಂದ ಪೂಕುಂಞಿಯ ಮರ ನೋಡುತ್ತಿದ್ದ, ನಲವತ್ತು ವರ್ಷ ನನ್ನ ಮರ ನೋಡಿದಂತೆಯೇ.

"ಇಕ್ಕಾಕಾ! ಮರ ಸುಳ್ಳು! ಮರ ಸುಳ್ಳು!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ.

ಮೂತಿಯಲ್ಲಿ ನಿಂತಿದ್ದ ಯಾಕೂಬ್ ಕೈ ಎತ್ತಿದ. "ಮಾಮಾ, ಉಮ್ಮ! ಉಮ್ಮ ನಿಂತಿದ್ದಾಳೆ ಅಲ್ಲಿ!"

ಅಣ್ಣ ನನ್ನನ್ನು ನೋಡಿದ. ಮರ ನೋಡಿದ. ಮತ್ತೆ ನನ್ನನ್ನು ನೋಡಿದ. ಸಲಾಕೆಯನ್ನು ನನ್ನ ತೆಂಕು ಮಗ್ಗುಲಿಗೆ ಬೀಸಿ ಬೀಸಿ ತೋರಿಸಿದೆ. ಅವನ ಯೋಚನೆ ಅಷ್ಟು ದೂರಕ್ಕೂ ನನಗೆ ಕಾಣುತ್ತಿತ್ತು: ಅಜ್ಜನ ಕಾಲದಿಂದ ಸುಳ್ಳು ಹೇಳದ ಮರವನ್ನು ನಂಬಬೇಕೋ, ಈ ಜಗಳಗಂಟಿಯನ್ನೋ. ಒಂದು ತೆರೆ ದೋಣಿಯನ್ನು ಎತ್ತಿತು. ಆ ತೆರೆ ಇಳಿಯುವ ಮೊದಲು ಅವನು ಇಡೀ ಮೈ ಹಾಕಿ ಚುಕ್ಕಾಣಿ ತಿರುಗಿಸಿದ.

ದೋಣಿ ಓರೆಯಾಗಿ, ಗೋಡೆಯುದ್ದಕ್ಕೂ ನೊರೆ ಸೀಳಿಕೊಂಡು ಬಂದು ನನ್ನ ಪಕ್ಕದಲ್ಲೇ ಕಂಡಿಯೊಳಗೆ ತೂರಿತು. ಕೈ ಚಾಚಿದ್ದರೆ ಮುಟ್ಟಬಹುದಿತ್ತು. ಚೂರೆ ಮೀನುಗಳು ಒಂದು ಮಗ್ಗುಲಿಂದ ಇನ್ನೊಂದಕ್ಕೆ ಜಾರಿದವು, ಯಾಕೂಬ್ ಅವುಗಳ ಮೇಲೆ ಬಿದ್ದಿದ್ದ. ಅಣ್ಣನ ಮುಖ ನನ್ನ ಮುಂದೆ ಹಾದುಹೋಯಿತು. ಬಾಯಿ ತೆರೆದೇ ಇತ್ತು.

ಮಾಮನ ದೋಣಿಯಲ್ಲಿ ದಂಡೆಗೆ ಬಂದಾಗ ಯಾಕೂಬ್ ನನ್ನ ಭುಜ ಹಿಡಿದುಕೊಂಡು, "ನಿಂಗೇನು ತಲೆ ಕೆಟ್ಟಿದ್ಯಾ ಉಮ್ಮ?" ಎಂದು ನಗುತ್ತ ಅಳುತ್ತ ಕೇಳಿದ. ಅಣ್ಣ ನಿಲ್ಲಲಿಲ್ಲ. ಸೀದಾ ನಮ್ಮ ಹಿತ್ತಿಲಿಗೆ ಹೋದ. ನಾನು ಕುಂಟುತ್ತ ಹಿಂದೆ ಹೋದೆ. ಬೈಸಿಕೊಳ್ಳಲು ತಯಾರಾಗಿದ್ದೆ, ಹೊಡೆದರೂ ಹೊಡೆಯಲಿ ಎಂದಿದ್ದೆ. ಅವನು ಕಡಿದ ಬುಡದ ಮೇಲೆ ಕೂತು ಬೀಡಿ ಹಚ್ಚಲು ನೋಡಿದ. ಒದ್ದೆಯಾದ ಮೂರು ಕಡ್ಡಿ ಬಿಸಾಡಿ ನಾಲ್ಕನೆಯದರಲ್ಲಿ ಹಚ್ಚಿದ.

"ತಪ್ಪಾಯ್ತು ಇಕ್ಕಾಕ," ಎಂದೆ.

ಅವನು ಬುಡವನ್ನು ಸವರಿದ. "ಮರ ನಿಮ್ದು, ಗುರುತು ನಮ್ದು ಅಂತ ಬಾಯಿ ಮುಚ್ಕೊಂಡು ಕೂತ್ವಿ. ನಿಂಗೆ ಹೇಳಿದ್ರೆ ನೀನು ಕಡಿಸ್ತಿದ್ಯಾ?"

"ಮಗೂನ ಬೇರೆ ಕಡೆ ಆಡಿಸ್ತಿದ್ದೆ."

ಅಷ್ಟಕ್ಕೆ ನನಗೆ ದುಃಖ ಉಕ್ಕಿ ಬಂತು. ಅವನ ಪಕ್ಕದಲ್ಲಿ ಕುಸಿದು ಕೂತೆ. ಜಗಳಗಂಟಿ ಕಚ್ಚಿದ್ದನ್ನೂ ಗಿಳಿಮೀನು ದಾರಿ ತೋರಿಸಿದ್ದನ್ನೂ ಹೇಳಿದೆ. ನಲವತ್ತು ವರ್ಷ ಆ ಕಂಡಿಯಲ್ಲಿ ತೂರಿದವನಿಗೆ ಅದು ಗೊತ್ತಿರಲಿಲ್ಲ. ನನ್ನ ಕಾಲಗಂಟಿನ ಸಣ್ಣ ಕೆಂಪು ಗಾಯಗಳನ್ನು ಬಗ್ಗಿ ನೋಡಿದ.

"ಉಮ್ಮ ನಂಗೆ ಇದನ್ನ ಯಾವತ್ತೂ ಹೇಳ್ಲಿಲ್ಲ," ಎಂದ.

"ನೀನು ಕೇಳಿದ್ಯಾ?"

ಮಸೀದಿಯಲ್ಲಿ ಮುಸ್ಸಂಜೆಯ ಮಗ್ರಿಬ್ ಬಾಂಗ್ ಶುರುವಾಯಿತು. ನಾನು ಅವನ ಕಡೆ ತಿರುಗಿದೆ.

"ಬೇರೆ ಯಾವ್ಯಾವ ಮರ ಗುರುತು? ಈಗಲೇ ಹೇಳಿಬಿಡು."

ಅವನು ಆ ಕಡೆ ಈ ಕಡೆ ನೋಡಿದ, ಹೇಳಬೇಕೋ ಬೇಡವೋ ಎಂಬಂತೆ. ಆಮೇಲೆ ಬೀಡಿ ಹಿಡಿದ ಕೈಯನ್ನು ಅಂಗಳದ ಕಡೆ ಎತ್ತಿದ.

"ಆ ಜೀಗುಜ್ಜೆ. ಬಡಗಿನ ದೊಡ್ಡ ಕಂಡಿಗೆ ಅದೇ ಗುರುತು. ದ್ವೀಪದ ಅಷ್ಟೂ ದೋಣಿಗಳು ಅದನ್ನೇ ಹಿಡಿದು ಒಳಗೆ ಬರೋದು."

ನಾನು ಎದ್ದೆ. ಸೀಳಿದ ಕಾಲಲ್ಲೇ ಅಂಗಳಕ್ಕೆ ಹೋದೆ. ಮರಕ್ಕೆ ಒರಗಿಸಿಟ್ಟಿದ್ದ ಚೆರಿಯಕೋಯನ ಕೊಡಲಿಯನ್ನು ಎತ್ತಿಕೊಂಡು, ಒಳಗೆ ನನ್ನ ಹಾಸಿಗೆಯ ಅಡಿಯಲ್ಲಿ ಇಟ್ಟು, ಮೇಲೆ ಕೂತೆ.