ಟಬ್ಬಿನ ಮರಿಗಳಿಗೆ ಬಣ್ಣ ಬಂತು

ಅದು ನಮ್ಮ ಕಾರಲ್ಲ, ಪಕ್ಕದ ಮನೆಯ ಗೇಟಿನ ಮುಂದೆ ನಿಂತಿತು, ಬಾಗಿಲು ಧಡ್ ಅಂತ ಹಾಕಿಕೊಂಡಿತು, ಅಬ್ಬ, ಇನ್ನೂ ಸ್ವಲ್ಪ ಹೊತ್ತಿದೆ — ಹೊತ್ತಿದ್ದು ಏನು ಉಪಯೋಗ, ಬೆಳಗಿನಿಂದ ಈ ಗಾಜಿಗೆ ಮೂಗು ಒತ್ತಿ ಒತ್ತಿ ಮೂಗು ಚಪ್ಪಟೆಯಾಗುವುದೊಂದು ಬಾಕಿ, ಎರಡು ಹೆಣ್ಣು ಮೀನುಗಳು ಪಕ್ಕಪಕ್ಕ ನಿಂತು ಬಾಯಿ ಆಡಿಸುತ್ತಿವೆ, ಇದೂ ಕಂದು, ಅದೂ ಕಂದು, ಇದಕ್ಕಿರುವ ಚುಕ್ಕೆಯೇ ಅದಕ್ಕೂ, ಯಾವುದು ನೀಲಿ ಬಾಲದವನ ಜಾತಿ, ಯಾವುದು ಹಳದಿ ಬಾಲದವನ ಜಾತಿ, ದೇವರೇ ಬಲ್ಲ, ಇಲ್ಲ ನಮ್ಮ ಅತ್ತೆ ಬಲ್ಲರು. ಅವರು ಚಪ್ಪಲಿ ಬಿಡುವ ಮೊದಲೇ ಕೇಳುತ್ತಾರೆ, ನನ್ನ ಮೀನು ಹೇಗಿವೆಯೇ, ಮನೆ ಹೇಗಿದೆ ಅಂತಲ್ಲ, ನೀನು ಹೇಗಿದೀಯ ಅಂತಂತೂ ಅಲ್ಲವೇ ಅಲ್ಲ, ಜೀವಮಾನವಿಡೀ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಈಗ ಮೀನುಗಳೇ ಅವರ ವಾರ್ಡು, ನಾನು ಆಯಾ. ಎಡಗಣ್ಣಿನ ಪೊರೆ ತೆಗೆಸಿಕೊಂಡು ಮಗಳ ಮನೆಯಲ್ಲಿ ಸುಧಾರಿಸಿಕೊಂಡಿದ್ದಾರೆ, ಇವರು ಕರೆದುಕೊಂಡು ಬರಲು ಹೋಗಿದ್ದಾರೆ, ಬಲಗಣ್ಣಿನ ಸರದಿ ಇನ್ನೊಂದು ಸಲ. ಫೋನಿನಲ್ಲಿ ಮಗುವಿನ ಹಾಗೆ ಕುಣಿಯುತ್ತಿದ್ದರು, ಏನು ಬೆಳಕು ಅಂತೀಯಾ, ಗೋಡೆ ಇಷ್ಟು ಬಿಳಿ ಇರತ್ತೆ ಅಂತ ಮರ್ತೇಹೋಗಿತ್ತು ಕಣೇ, ಬಂದವಳೇ ಮೊದಲು ನನ್ನ ನೀಲಿಗಳನ್ನ ನೋಡ್ಬೇಕು. ನಾನು ಹೂಂ ಹೂಂ ಅಂದೆ.

ಈ ಮನೆಯಲ್ಲಿ ಯಾರೂ ಮುರಿಯಬಾರದ ಕಟ್ಟಳೆ ಒಂದೇ, ಹಾಲಿನ ದೊಡ್ಡ ಟ್ಯಾಂಕಿಗೆ ಗಂಡು ಮೀನುಗಳು ಮಾತ್ರ, ನೀಲಿಯವು, ಹಳದಿಯವು, ಕೆಂಪು ಗೀರಿನವು, ನಾನಾ ಜಾತಿಯ ಕಿಲ್ಲಿ ಮೀನುಗಳು ರೆಕ್ಕೆ ಬಿಚ್ಚಿ ಜಂಬ ಕೊಚ್ಚಿಕೊಂಡು ಅಲ್ಲೇ ತಿರುಗಲಿ, ಹೆಣ್ಣುಗಳು ಮಾತ್ರ ಒಳಕೋಣೆಯ ಚಿಕ್ಕ ಟ್ಯಾಂಕುಗಳಲ್ಲಿ, ತಂತಮ್ಮ ಜಾತಿಯ ಒಂದೊಂದು ಗಂಡಿನ ಜೊತೆ, ಮೊಟ್ಟೆ ಅಂಟಿಸಲು ತೇಲಿಬಿಟ್ಟ ಹಸಿರು ಉಣ್ಣೆಯ ಕುಚ್ಚಿನ ಜೊತೆ. ಗಂಡು ಮೀನನ್ನ ಯಾರು ಬೇಕಾದ್ರೂ ಗುರುತು ಹಿಡೀತಾರೆ, ಅನ್ನುತ್ತಿದ್ದರು ಅತ್ತೆ, ಹೆಣ್ಣುಗಳದೇ ಕಷ್ಟ, ಒಂದ್ಸಲ ಬೆರೀತು ಅಂದ್ರೆ ತಳಿ ಹೋಯ್ತು, ಈ ನೀಲಿ ಈಗ ಬೇರೆ ಯಾರ ಹತ್ರಾನೂ ಉಳಿದಿಲ್ಲ, ತಿಳೀತಾ. ಮದುವೆಯಾದ ಹೊಸದರಲ್ಲಿ, ಪಾಪ ಹೆಣ್ಣುಗಳಿಗೆ ಒಳಗೇ ಇದ್ದು ಬೇಜಾರಾಗಲ್ವಾ ಅತ್ತೆ, ಅಂದಿದ್ದೆ, ನಿಂಗೆ ಬೇಜಾರಾದ್ರೆ ನೀನು ಹಾಲ್‌ನಲ್ಲಿ ಕೂತ್ಕೋ, ಅಂದಿದ್ದರು. ಅವರು ಆಪರೇಷನ್ನಿಗೆ ಹೋದ ಮರುದಿನವೇ, ಹಾಳಾದ್ದು, ನೀಲಿ ಜೋಡಿಯ ಟ್ಯಾಂಕಿನ ಮೂಲೆ ಸೋರಬೇಕೇ, ನೆಲವೆಲ್ಲ ನೀರು, ಮೋಟರಿನ ವೈರು ನೀರಲ್ಲಿ, ನೀಲಿ ಜೋಡಿಯನ್ನೂ ಪಕ್ಕದ ಹಳದಿ ಜೋಡಿಯನ್ನೂ ಬಲೆಯಲ್ಲಿ ಬಾಚಿ ಹಾಲಿನ ಟ್ಯಾಂಕಿಗೆ ಸುರಿದುಬಿಟ್ಟೆ, ಸುರಿದ ಮೇಲೆ ಬುದ್ಧಿ ಬಂತು. ಹೆಣ್ಣೆರಡನ್ನೂ ಅಟ್ಟಾಡಿಸಿ ಹಿಡಿದು ಬೇರೆ ಇಟ್ಟೆ, ಆದರೆ ಯಾವುದು ಯಾರದು? ಹೇಳ್ಬೇಡ, ಕಣ್ಣೀರು ಹಾಕಿದ್ರೆ ಕಣ್ಣಿಗೆ ತೊಂದ್ರೆ, ಅಂದರು ಇವರು, ಹೇಳದೆ ಇವತ್ತಿನವರೆಗೂ ಬಂತು.

ಸರಿ, ಬೈಸಿಕೊಳ್ಳುವುದು ಹೇಗೂ ಇದೆ, ಬೈಯುವ ಮೊದಲು ಒಂದು ಒಳ್ಳೆಯದನ್ನು ತೋರಿಸೋಣ, ಮರಿಗಳನ್ನು ತೋರಿಸೋಣ, ನೀಲಿಗಳ ಮರಿ, ಬೇಸಿಗೆಗೆ ಮೊದಲು ಹುಟ್ಟಿದವು, ಮುದಿಯಾದ ಅಪ್ಪ ಮೀನಿನ ಮೇಲೆ ಇನ್ನು ಭರವಸೆಯಿಲ್ಲ, ಅತ್ತೆಯ ಆಸೆಯೆಲ್ಲ ಇವುಗಳ ಮೇಲೆ. ಅಡುಗೆಮನೆಯ ಹಿಂದೆ ಕಪ್ಪು ಪ್ಲಾಸ್ಟಿಕ್ ಟಬ್ಬಿನಲ್ಲಿ ಬೆಳೆಯುತ್ತಿವೆ, ಮೇಲಿನಿಂದ ನೋಡಿದರೆ ಬರೀ ಕಡ್ಡಿ ಚೂರುಗಳು. ಒಂದನ್ನು ಗಾಜಿನ ಬಾಟಲಿಗೆ ಬಿಟ್ಟು ಕಿಟಕಿಗೆ ಹಿಡಿದೆ — ಬಂದಿದೆ, ಬಣ್ಣ ಬಂದಿದೆ, ಗಂಡು, ಮೈ ನೀಲಿ, ಬಾಲ... ಬಾಲ ಯಾಕೆ ಹೀಗೆ, ಮೇಲಂಚು ನೀಲಿ, ಕೆಳಗಂಚು ಹಳದಿ, ಬಿಸಿಲಿನದಿರಬೇಕು, ಬಾಟಲಿ ತಿರುಗಿಸಿದೆ, ಹಳದಿ, ಇನ್ನೊಂದನ್ನು ಹಿಡಿದೆ, ಅದೂ ಹಳದಿ, ಮತ್ತೊಂದು, ಅಯ್ಯೋ ಸಾಕು. ಟ್ಯಾಂಕು ಸೋರಿದ್ದು ಮೊನ್ನೆ ಮೊನ್ನೆ, ಇವು ಹುಟ್ಟಿ ತಿಂಗಳುಗಳಾದವು, ನಾನಲ್ಲ! ನಾನು ಮಾಡಿದ್ದಲ್ಲ! ಕುಣಿದಾಡುವಷ್ಟು ಖುಷಿಯಾಯಿತು, ನಾಚಿಕೆಗೆಟ್ಟವಳು ನಾನು, ಒಂದು ಗಳಿಗೆ ನಿಜವಾಗಲೂ ಖುಷಿಯಾಯಿತು. ಆಮೇಲೆ ನೆನಪಾಯಿತು, ಚಳಿ ಮುಗಿಯುವ ಹೊತ್ತು, ನೀರು ಬದಲಿಸುವಾಗ ಅತ್ತೆ ಮೂರೂ ಹೆಣ್ಣುಗಳನ್ನು ಒಂದೇ ಬಕೆಟ್ಟಿಗೆ ಹಾಕಿದ್ದರು, ಒಂದು ನೀಲಿಯದು, ಎರಡು ಹಳದಿಯವು, ನಂಗೆ ಗುರುತಿಲ್ವೇನೇ ಅಂದರು, ಒಂದು ಎಗರಿ ಬಿದ್ದು ಸತ್ತಿತು, ಅಂಗೈಯಲ್ಲಿಟ್ಟುಕೊಂಡು ಮುಖದ ಹತ್ತಿರ ಹತ್ತಿರ ತಂದು, ಹಳದೀದು ಕಣೇ, ಸದ್ಯ ಬಚಾವ್, ಅಂದರು. ಪೊರೆ ಬಂದ ಕಣ್ಣಿಗೆ ಏನು ಕಂಡಿತ್ತೋ. ಸತ್ತದ್ದು ನೀಲಿಯದು, ನೀಲಿಯವನ ಜೊತೆ ಬಿಟ್ಟದ್ದು ಹಳದಿಯದನ್ನು. ಈ ಎರಡರಲ್ಲಿ ನನಗೆ ಗುರುತು ಸಿಗುವುದಾದರೂ ಹೇಗೆ, ಎರಡೂ ಹಳದಿಯವೇ.

ಇವತ್ತು ಆ ಕಣ್ಣು ತೆರೆದುಕೊಂಡು ಬರುತ್ತಿದ್ದಾರೆ, ಮೊದಲು ನೋಡಬೇಕೆಂದದ್ದು ಇದನ್ನು. ಬೇಡ, ನಾನೇ ಅಂದುಬಿಡುತ್ತೇನೆ, ಟ್ಯಾಂಕ್ ಸೋರ್ತು ಅತ್ತೆ, ನಾನೇ ಎಲ್ಲ ಬೆರೆಸಿಬಿಟ್ಟೆ ಅತ್ತೆ, ಬೈಯಲಿ, ಎರಡು ದಿನ ಮುಖ ಊದಿಸಿಕೊಂಡಿರಲಿ, ಮಗಳಿಗೆ ಫೋನು ಮಾಡಿ ದೂರಲಿ, ನನ್ನ ಮೇಲೆ ಸಿಟ್ಟಿದ್ದರೆ ಗಟ್ಟಿಯಾಗಿರುತ್ತಾರೆ, ತಮ್ಮ ಕೈಯಾರೆ ಹೋಯಿತು ಅಂತ ಗೊತ್ತಾದರೆ ಕುಸಿದುಹೋಗುತ್ತಾರೆ, ನನಗೆ ಆ ಹೆಂಗಸು ಕುಸಿಯುವುದನ್ನು ನೋಡಲಾಗದು, ಬೇಕಾದರೆ ದಿನಾ ಬೈಯಲಿ. ಬಾಟಲಿಯನ್ನು ಬಚ್ಚಿಡಲೇ, ಮರಿಗಳನ್ನು ಯಾರಿಗಾದರೂ ಕೊಟ್ಟುಬಿಡಲೇ — ಬಾಗಿಲು, ಇವರ ದನಿ, ನಿಧಾನಮ್ಮಾ ಮೆಟ್ಟಿಲು, ಏ ಬಿಡೋ ಕಾಣತ್ತೆ ನಂಗೆ, ಚಪ್ಪಲಿ ಬಿಡಲೇ ಇಲ್ಲ, ಕಪ್ಪು ಕನ್ನಡಕ ತೆಗೆದು ಹಿಡಿದುಕೊಂಡು ನೆಟ್ಟಗೆ ಅಡುಗೆಮನೆಗೇ ಬಂದರು, ಕಿಟಕಿಯ ಕಟ್ಟೆಯ ಮೇಲೆ ಬಾಟಲಿ ಫಳಫಳ ಹೊಳೆಯುತ್ತಿದೆ.

ಅತ್ತೆ, ಟ್ಯಾಂಕ್ ಸೋರ್ತು, ನಾನೇ ಗಾಬರೀಲಿ ಎಲ್ಲ ಒಂದ್ಕಡೆ, ಅದಕ್ಕೇ ಇವು ಹೀಗೆ, ತಪ್ಪಾಯ್ತು — ಮಾತು ಒಂದರ ಮೇಲೊಂದು ಬೀಳುತ್ತಿದೆ, ಅವರು ಬಗ್ಗಿಕೊಂಡೇ ಇದ್ದಾರೆ. ಯಾವಾಗ ಸೋರಿದ್ದು? ನೀವು ಹೋದ ಮರುದಿನ. ಅಷ್ಟರಲ್ಲಿ ಹುಟ್ಟಿ, ಬೆಳೆದು, ಬಾಲಕ್ಕೆ ಬಣ್ಣಾನೂ ಬಂತಾ? ಸುಳ್ಳು ಹೇಳಕ್ಕೂ ಬರಲ್ವಲ್ಲೇ ನಿಂಗೆ, ಅಂದರು, ಎಷ್ಟು ಮೆತ್ತಗೆ ಅಂದರು, ಬೈಯಿರಿ ಅತ್ತೆ, ಜೋರಾಗಿ ಬೈಯಿರಿ. ಬೈಯಲಿಲ್ಲ, ಹೊಸ ಕಣ್ಣಿನ ಮುಂದೆ ಅಂಗೈ ಅಡ್ಡ ಹಿಡಿದು ಹಳೇ ಕಣ್ಣಿನಿಂದ ಮೀನನ್ನು ನೋಡಿದರು, ಈ ಕಣ್ಣಿಗೆ ಎಲ್ಲ ಒಂದೇ ಬಣ್ಣ, ಅಂದರು, ಅಂಗೈ ಸರಿಸಿ ಹಳೇ ಕಣ್ಣಿಗೆ ಅಡ್ಡ ಹಿಡಿದರು, ಹೊಸದರಿಂದ ನೋಡಿದರು, ಕಣ್ಣು ಮುಟ್ಟಬೇಡಿ ಅಂದಿದ್ದಾರಲ್ಲ ಡಾಕ್ಟರು, ಮುಟ್ಟುತ್ತಿಲ್ಲ, ಬರೀ ಅಡ್ಡ ಹಿಡಿಯುತ್ತಿದ್ದಾರೆ, ಮತ್ತೆ ಹೊಸ ಕಣ್ಣಿಗೆ ಅಂಗೈ, ಮತ್ತೆ ಹಳೇ ಕಣ್ಣಿಗೆ, ಬಾಟಲಿಯಲ್ಲಿ ಬಾಲ ತಿರುಗಿತು, ಮತ್ತೆ ಅಂಗೈ ಈ ಕಡೆ, ಆ ಕಡೆ, ಈ ಕಡೆ, ಹೊಸ ಕಣ್ಣಿನ ಮುಂದೆ ಬಂದದ್ದು ಅಲ್ಲೇ ನಿಂತಿತು, ಅತ್ತೆ ಅಂಗೈ ಇಳಿಸಲಿಲ್ಲ